ಕಾರ್ಡ್ ಬದಲಿಸಿದ ಮೇಲೆ ಪೋರ್ಟ್ ಸಾಯುತ್ತಿದ್ದರೆ ಮೊದಲು ಕ್ಲಿಪ್ ನೋಡಿ

ರಾಯಚೂರು ಕಡೆಯ ಟವರ್ ಶೆಲ್ಟರ್‌ಗಳಲ್ಲಿ ಒಣ ಬೇಸಿಗೆ ಬಂತೆಂದರೆ ಇದೇ ಗೋಳು. ಹೊಸ ಲೈನ್ ಕಾರ್ಡ್ (ಪೋರ್ಟ್‌ಗಳಿರುವ ಸರ್ಕ್ಯೂಟ್ ಬೋರ್ಡ್) ಹಾಕಿದಾಗ ಎಲ್‌ಇಡಿ ಎಲ್ಲಾ ಹಸಿರು. ಕೆಲವು ದಿನ ಕಳೆದರೆ ಒಂದೆರಡು ಪೋರ್ಟ್‌ನಲ್ಲಿ ಎರರ್, ಆಮೇಲೆ ಕಾರ್ಡ್ ತಾನೇ ರೀಸೆಟ್.

ಮೈನಸ್ 48 ವೋಲ್ಟ್ ಸಪ್ಲೈ ಅಳೆದದ್ದು, ಸಾಫ್ಟ್‌ವೇರ್ ಮತ್ತೆ ಲೋಡ್ ಮಾಡಿದ್ದು, ಅರ್ತ್ ಪಿಟ್‌ಗೆ ನೀರು ಸುರಿದದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಕಾರ್ಡ್ ಇಡುವ ಗುಲಾಬಿ ಪ್ಲಾಸ್ಟಿಕ್ ಚೀಲವೂ ಅಷ್ಟೇ: ಅದು ತಾನು ಚಾರ್ಜ್ ಆಗುವುದನ್ನು ತಗ್ಗಿಸುತ್ತದೆ, ಹೊರಗಿನ ಸ್ಥಿರ ವಿದ್ಯುತ್ತಿನ ಡಿಸ್ಚಾರ್ಜ್ (ಇಎಸ್‌ಡಿ) ತಡೆಯುವುದಿಲ್ಲ.

ಗುಟ್ಟು ಇದ್ದದ್ದು ರಿಸ್ಟ್ ಸ್ಟ್ರ್ಯಾಪ್‌ನ (ಮೈಯ ಸ್ಥಿರ ವಿದ್ಯುತ್ತನ್ನು ಅರ್ತ್‌ಗೆ ಇಳಿಸುವ ಮಣಿಕಟ್ಟಿನ ಪಟ್ಟಿ) ಮೊಸಳೆ ಕ್ಲಿಪ್‌ನಲ್ಲಿ. ಅದು ರ‍್ಯಾಕ್‌ನ ಪೌಡರ್ ಕೋಟಿಂಗ್ ಕಚ್ಚಿತ್ತು. ಬಣ್ಣದಲ್ಲಿ ಕರೆಂಟ್ ಹರಿಯದು. ಕೈಗೆ ಪಟ್ಟಿ ಇದ್ದೂ ಇಲ್ಲದಂತೆ, ಮೈಯ ಚಾರ್ಜ್ ಕಾರ್ಡ್‌ಗೇ ಹಾಯುತ್ತಿತ್ತು.

ಈಗಿನ ಕ್ರಮ: ಕಾರ್ಡ್ ಕೂರುವ ಶೆಲ್ಫ್‌ನ ಇಎಸ್‌ಡಿ ಜ್ಯಾಕ್‌ನಿಂದ (ಸ್ಟ್ರ್ಯಾಪ್ ಸಿಕ್ಕಿಸುವ ಜಾಗ) ಅರ್ತ್ ಬಸ್‌ಬಾರ್‌ಗೆ (ಅರ್ತ್ ವೈರ್‌ಗಳು ಸೇರುವ ಲೋಹದ ಕಡ್ಡಿ) ಮಲ್ಟಿಮೀಟರ್ ಇಡಿ, 1 ಓಮ್‌ಗಿಂತ ಕಡಿಮೆ ಬರಬೇಕು. ಸ್ಟ್ರ್ಯಾಪ್ ಅಳೆದರೆ ಸುಮಾರು 1 ಮೆಗಾಓಮ್. ಸೊನ್ನೆ ಬಂದರೆ ಒಳಗಿನ ರೆಸಿಸ್ಟರ್ ಶಾರ್ಟ್, ಶಾಕ್ ಅಪಾಯ. ಏನೂ ಬರದಿದ್ದರೆ ವೈರ್ ತುಂಡಾಗಿದೆ. ಎರಡಕ್ಕೂ ಮದ್ದು ಹೊಸ ಸ್ಟ್ರ್ಯಾಪ್. ಪಟ್ಟಿಯ ಲೋಹ ಬರಿ ಚರ್ಮಕ್ಕೆ ತಾಗಲಿ, ತುಂಬುತೋಳಿನ ಮೇಲೆ ಕಟ್ಟುವವರೇ ಜಾಸ್ತಿ. ಜ್ಯಾಕ್‌ಗೆ ಸಿಕ್ಕಿಸಿದ ಮೇಲೆಯೇ ಬೆಳ್ಳಿ ಬಣ್ಣದ ಶೀಲ್ಡಿಂಗ್ ಚೀಲ ಬಿಚ್ಚಿ, ಕಾರ್ಡ್ ಅನ್ನು ಅಂಚು ಮತ್ತು ಫೇಸ್‌ಪ್ಲೇಟಿನಲ್ಲಷ್ಟೇ ಹಿಡಿಯಿರಿ. ತೆಗೆದ ಹಳೇ ಕಾರ್ಡ್ ಕೂಡಲೇ ಅದೇ ಚೀಲಕ್ಕೆ. ಥರ್ಮೋಕೋಲ್ ಶೆಲ್ಟರ್ ಒಳಗೆ ಬೇಡವೇ ಬೇಡ.

ರೆಕ್ಟಿಫೈಯರ್‌ನ (ಎಸಿಯನ್ನು ಡಿಸಿ ಮಾಡುವ ಘಟಕ) 230 ವೋಲ್ಟ್ ಕಡೆ ಲೈವ್ ಕೆಲಸವಿದ್ದರೆ ಮಾತ್ರ ಸ್ಟ್ರ್ಯಾಪ್ ಬಿಚ್ಚಿಡಿ.