ಕೆಳಗೆ ಆರು ಮೈಲಿ ಟನಲ್, ಮೇಲೆ ನನ್ನ ಬೆಣ್ಣೆ ದೋಸೆ ಅಂಗಡಿ

ಅಂಗಡಿ ಹಿಡಿಯುವ ಮೊದಲು ನಾನು ಜನರನ್ನು ಎಣಿಸಿದ್ದೆ. ಅಮೆರಿಕದ ಹ್ಯೂಸ್ಟನ್ ನಗರದ ಡೌನ್‌ಟೌನ್‌ನ (ಊರ ನಡುವಿನ ಆಫೀಸ್ ಪ್ರದೇಶದ) ಮೈನ್ ಸ್ಟ್ರೀಟ್‌ನಲ್ಲಿ ಎರಡು ವಾರ, ದಿನಾ ಮಧ್ಯಾಹ್ನ 12ರಿಂದ 1ರವರೆಗೆ ಫುಟ್‌ಪಾತ್ ಮೇಲೆ ನಿಂತು, ನೋಟ್‌ಬುಕ್‌ನಲ್ಲಿ ಗೀಟು ಎಳೆದಿದ್ದೆ. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಆಫೀಸಿನವರು ಗುಂಪು ಗುಂಪಾಗಿ ಊಟಕ್ಕೆ ಹೋಗುತ್ತಿದ್ದರು. ರೈಲು ಸ್ಟೇಷನ್ ಹತ್ತಿರವೇ ಇತ್ತು, ಎದುರಿಗೇ ದೊಡ್ಡ ಆಫೀಸ್ ಕಟ್ಟಡ. ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂದುಕೊಂಡು ಐದು ವರ್ಷದ ಲೀಸ್‌ಗೆ ಸಹಿ ಹಾಕಿದೆ.

ಎಣಿಸಿದ್ದು 2018ರ ಫೆಬ್ರವರಿಯಲ್ಲಿ. ತಪ್ಪಾಗಿದ್ದು ಅಲ್ಲೇ. ಫೆಬ್ರವರಿಯಲ್ಲಿ ಹ್ಯೂಸ್ಟನ್‌ನ ಹವೆ ತುಂಬಾ ಹಿತ, ಎಲ್ಲರೂ ಹೊರಗೆ ನಡೆಯುತ್ತಾರೆ. ನಾನು ಅಂಗಡಿ ತೆರೆದಿದ್ದು ಮೇ ತಿಂಗಳಲ್ಲಿ. ಜೂನ್ ಬರುವ ಹೊತ್ತಿಗೆ ಮಂಗಳೂರಿನ ಬೇಸಿಗೆಯಂಥ ಸೆಕೆ. ಹಂಚು ಕಾದಿದೆ, ಚಟ್ನಿ ರುಬ್ಬಿದೆ, ಪಲ್ಯ ಆಗಿದೆ. ಗಂಟೆ ಹನ್ನೆರಡೂಕಾಲು. ಬೀದಿಯಲ್ಲಿ ಯಾರೂ ಇಲ್ಲ. ಎದುರಿನ ಕಟ್ಟಡದಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಾರೆ, ಒಬ್ಬರೂ ಬಾಗಿಲು ದಾಟಿ ಹೊರಗೆ ಬರಲಿಲ್ಲ.

ಉತ್ತರ ಸಿಕ್ಕಿದ್ದು ಶಿವಮೊಗ್ಗದ ಒಬ್ಬ ಹುಡುಗನಿಂದ. ಅದೇ ಕಟ್ಟಡದಲ್ಲಿ ಇಂಜಿನಿಯರ್. ಒಂದು ಸಂಜೆ ದೋಸೆ ತಿನ್ನುತ್ತಾ ಹೇಳಿದ: "ಆಂಟಿ, ನೀವು ಕೆಳಗೆ ಅಂಗಡಿ ಹಾಕ್ಬೇಕಿತ್ತು. ನಾವು ಬೆಳಿಗ್ಗೆ ಗ್ಯಾರೇಜಿಂದ ಲಿಫ್ಟ್, ಮಧ್ಯಾಹ್ನ ಲಿಫ್ಟಿಂದ ಟನಲ್. ಈ ಬೀದಿಗೆ ಕಾಲಿಟ್ಟು ತಿಂಗಳೇ ಆಗಿತ್ತು."

ಟನಲ್ ಇದೆ ಅನ್ನೋದು ನನಗೂ ಗೊತ್ತಿತ್ತು. ಆದರೆ ನನ್ನ ಮನಸ್ಸಿನಲ್ಲಿ ಇದ್ದಿದ್ದು ಬೆಂಗಳೂರಿನ ಮೆಜೆಸ್ಟಿಕ್ ಸಬ್‌ವೇ. ಅದು ಇರೋದು ರಸ್ತೆ ದಾಟೋಕೆ. ಫುಟ್‌ಪಾತ್‌ನಿಂದ ಇಳಿದು ಇನ್ನೊಂದು ಫುಟ್‌ಪಾತ್‌ಗೆ ಹತ್ತುತ್ತೀರಿ, ಜನ ಮತ್ತೆ ಬೀದಿಗೇ ಬರುತ್ತಾರೆ. ಹ್ಯೂಸ್ಟನ್‌ನದು ಹಾಗಲ್ಲ. ಬೀದಿಯಿಂದ ಸುಮಾರು 20 ಅಡಿ ಕೆಳಗೆ, ಒಟ್ಟು 6 ಮೈಲಿಯಷ್ಟು ಉದ್ದ. ಡೌನ್‌ಟೌನ್‌ನ 95 ಬ್ಲಾಕ್‌ಗಳನ್ನು, ಅಂದರೆ ರಸ್ತೆಗಳ ನಡುವಿನ ಚೌಕಗಳನ್ನು, ಜೋಡಿಸುತ್ತದೆ. ಬಹುತೇಕ ಕಡೆ ಅದರ ಬಾಯಿ ತೆರೆಯೋದು ಕಟ್ಟಡದ ಲಾಬಿಯೊಳಗೆ. ಬೀದಿಯಿಂದ ನೇರವಾಗಿ ಇಳಿಯಬಹುದಾದ ಕಡೆ ತೀರಾ ಕಡಿಮೆ, ವೆಲ್ಸ್ ಫಾರ್ಗೋ ಪ್ಲಾಜಾ ಅಂಥದ್ದರಲ್ಲಿ ಒಂದು. ಬಾಯಿ ಎಲ್ಲಿ ತೆರೆಯುತ್ತೆ ಅನ್ನೋದರ ಮೇಲೇ ಮೇಲಿನ ಅಂಗಡಿಯ ಹಣೆಬರಹ ನಿಂತಿದೆ. ನಾನು ಕಲಿತ ದೊಡ್ಡ ಪಾಠ ಇದು.

ಮರುದಿನದಿಂದ ಬೀದಿ ಬಿಟ್ಟು ಟನಲ್‌ನಲ್ಲಿ ಓಡಾಡಿದೆ. ಒಂದು ವಾರ ಪೂರ್ತಿ. ಊಟದ ಅಂಗಡಿ, ಕಾಫಿ, ಕ್ಷೌರ, ಬಟ್ಟೆ ಒಗೆಯೋಕೆ ಕೊಡುವ ಅಂಗಡಿ, ಎಲ್ಲವೂ ಕೆಳಗೇ. ತಂಪಾದ ಗಾಳಿ. ಸ್ಯಾಂಡ್‌ವಿಚ್ ಮಾರುವ ಒಬ್ಬ ವಿಯೆಟ್ನಾಮಿ ಹೆಂಗಸು ಬಿಡುವಿದ್ದಾಗ ತನ್ನ ಕಷ್ಟಸುಖ ಹೇಳಿಕೊಂಡಳು. ಅವಳ ವ್ಯಾಪಾರ ಎಲ್ಲಾ 11ರಿಂದ 1:30ರೊಳಗೆ. ಆಮೇಲೆ ಪಾತ್ರೆ ತೊಳೆದು ಬಾಗಿಲು ಹಾಕೋದೇ. ಸಂಜೆ ಇಲ್ಲ, ಶನಿವಾರ ಭಾನುವಾರ ಇಲ್ಲ. ಇದು ಊರಿನ ರಸ್ತೆಯಲ್ಲ. ಬಹುಪಾಲು ತುಂಡುಗಳು ಆಯಾ ಕಟ್ಟಡದವರ ಸ್ವಂತ ಆಸ್ತಿ. ಕೆಲಸದ ದಿನ ಸಂಜೆ 6ರ ಹೊತ್ತಿಗೆ ಬೀಗ ಬೀಳುತ್ತದೆ. ವಾರದಲ್ಲಿ ಐದು ದಿನ, ಎರಡೂವರೆ ಗಂಟೆ: ಅಷ್ಟರಲ್ಲಿ ಬಾಡಿಗೆ ಹುಟ್ಟಬೇಕು. ಅವಳ ಮೇಲೆ ನನಗೆ ಇದ್ದ ಹೊಟ್ಟೆಕಿಚ್ಚು ಅವತ್ತೇ ಹೋಯಿತು.

ಮೇಲೆ ಹತ್ತಿ ಬಂದು ಬೀದಿಯನ್ನು ನೋಡಿದಾಗ ಬೇರೆಯೇ ಕಾಣಿಸಿತು. ಟನಲ್ ಗಿರಾಕಿಯನ್ನು ಎಳೆದುಕೊಂಡಿದ್ದಷ್ಟೇ ಅಲ್ಲ, ಬೀದಿಯ ಮುಖವನ್ನೇ ಅಳಿಸಿದೆ. ಅಂಗಡಿ ಕೆಳಗಿದ್ದರೆ ಮೇಲೆ ಬಾಗಿಲು ಯಾಕೆ ಬೇಕು? ಹಾಗಾಗಿ ಒಂದು ಬ್ಲಾಕ್ ಪೂರ್ತಿ ಗ್ರಾನೈಟ್ ಗೋಡೆ. ಇನ್ನೊಂದರಲ್ಲಿ ಗ್ಯಾರೇಜ್ ಬಾಯಿ. ಮತ್ತೊಂದರಲ್ಲಿ ಗಾಜಿನ ಲಾಬಿ, ಒಳಗೆ ಒಬ್ಬ ಗಾರ್ಡ್. ಇಲ್ಲಿನ ಒಂದು ಬ್ಲಾಕ್ 250 ಅಡಿ. ಆ ಬಿಸಿಲಲ್ಲಿ 250 ಅಡಿ ಬರೀ ಗೋಡೆ ನೋಡಿಕೊಂಡು ನಡೆದವರು ಇನ್ನೂ 250 ಅಡಿ ಯಾಕೆ ನಡೆಯುತ್ತಾರೆ?

ಎಲ್ಲಾ ತಪ್ಪನ್ನೂ ಟನಲ್ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಮೈನ್ ಸ್ಟ್ರೀಟ್‌ನಲ್ಲಿ 1947ರಲ್ಲಿ ತೆರೆದ ಫೋಲೀಸ್ ಎಂಬ ದೊಡ್ಡ ಅಂಗಡಿ ಇತ್ತು. ಕೊನೆಗೆ ಮೇಸೀಸ್ ಹೆಸರಿನಲ್ಲಿ ನಡೆದು 2013ರಲ್ಲಿ ಮುಚ್ಚಿತು. ಕಟ್ಟಡವನ್ನೂ ಕೆಡವಿ, ಅಲ್ಲಿ ಆಫೀಸ್ ಕಟ್ಟಿದರು. 1970ರಲ್ಲಿ ಗ್ಯಾಲರಿಯಾ ಮಾಲ್ ಬಂದ ಮೇಲೆ, ಜನ ಊರಾಚೆ ಮನೆ ಕಟ್ಟಿಕೊಂಡ ಮೇಲೆ, ಪೇಟೆಯೂ ಅವರ ಹಿಂದೆಯೇ ಹೋಯಿತು. ಡೌನ್‌ಟೌನ್‌ನಲ್ಲಿ ಉಳಿದಿದ್ದು ಮಧ್ಯಾಹ್ನದ ಊಟದ ಗಿರಾಕಿ. ಅವರನ್ನು ಟನಲ್ ಕೆಳಗಿಳಿಸಿತು. ನಮ್ಮ ಟೆಕ್ಸಾಸ್ ರಾಜ್ಯದ ಇನ್ನೊಂದು ನಗರ ಡಲ್ಲಾಸ್‌ನಲ್ಲೂ ಇದೇ ಕಥೆ. 2002ರಿಂದ 2007ರವರೆಗೆ ಅಲ್ಲಿ ಮೇಯರ್ ಆಗಿದ್ದ ಲಾರಾ ಮಿಲ್ಲರ್, ಆಗುವುದಾದರೆ ಟನಲ್‌ಗೆ ಸಿಮೆಂಟ್ ಸುರಿದು ಮುಚ್ಚಿಬಿಡುತ್ತಿದ್ದೆ ಅಂದಿದ್ದರು. ನಾನು ಹಾಗೆ ಹೇಳಲಾರೆ. ಆ ಸೆಕೆಯಲ್ಲಿ, ದಿಢೀರ್ ಮಳೆಯಲ್ಲಿ ಟನಲ್ ಇರುವುದು ಎಷ್ಟೋ ಜನರಿಗೆ ಅನುಕೂಲ.

ಸರಿ, ಲೀಸ್ ಇದೆ, ಓಡಿಹೋಗುವ ಹಾಗಿಲ್ಲ. ಮೊದಲು ಎದುರಿನ ಕಟ್ಟಡದ ಎಸ್ಕಲೇಟರ್ ಬಳಿ ಒಂದು ಸಣ್ಣ ಬೋರ್ಡ್ ಇಡೋಕೆ ಕೇಳಿದೆ. ಆಗಲ್ಲ ಅಂದರು. ಅವರಿಗೆ ಕೆಳಗಿನ ಅಂಗಡಿಗಳಿಂದ ಬಾಡಿಗೆ ಬರಬೇಕು, ನನ್ನ ಬೋರ್ಡ್ ಯಾಕೆ ಇಟ್ಟಾರು? ಆಮೇಲೆ ಲೆಕ್ಕ ತಿರುಗಿಸಿದೆ. ಟನಲ್ ಗೆಲ್ಲುವ ಹೊತ್ತಿನಲ್ಲಿ ಅದರ ಜೊತೆ ಗುದ್ದಾಡುವುದು ಬೇಡ, ಅದಕ್ಕೆ ಬೀಗ ಬಿದ್ದಾಗ ನನ್ನ ದೀಪ ಉರಿಯುತ್ತಿರಲಿ.

ಮತ್ತೆ ನೋಟ್‌ಬುಕ್ ತೆಗೆದೆ. ಈ ಸಲ ಬೆಳಿಗ್ಗೆ 7, ಸಂಜೆ 6, ಶನಿವಾರ ಬೆಳಿಗ್ಗೆ 10. ಐಡಿ ಕಾರ್ಡ್ ಇದ್ದವರು, ಇಲ್ಲದವರು ಅಂತ ಬೇರೆ ಬೇರೆ ಗೀಟು. ಆಗ ಗೊತ್ತಾಯಿತು, ನನ್ನ ನಿಜವಾದ ಗಿರಾಕಿ ಕಾರ್ಡ್ ಇಲ್ಲದವರು. 2004ರಲ್ಲಿ ಶುರುವಾದ ರೈಲಿನಲ್ಲಿ ಇಳಿದು ನಡೆಯುವವರು, ಹೋಟೆಲ್‌ನಲ್ಲಿ ತಂಗಿದವರು, ಹತ್ತಿರದ ಫ್ಲ್ಯಾಟ್‌ಗಳಲ್ಲಿ ನಾಯಿ ಸಾಕಿಕೊಂಡವರು, ಬೇಸ್‌ಬಾಲ್ ಮ್ಯಾಚಿಗೆ ಬಂದವರು. ಬೆಳಿಗ್ಗೆ ಇಡ್ಲಿ-ಕಾಫಿ, ಸಂಜೆ 5ರಿಂದ 9:30 ದೋಸೆ, ಶನಿವಾರ ಭಾನುವಾರ ದಿನವಿಡೀ. ಸೋಮವಾರ ರಜೆ. ಊಟದ ಹೋಟೆಲ್‌ಗೆ ಮಧ್ಯಾಹ್ನವೇ ಮುಖ್ಯ ಅಂತ ನಂಬಿದ್ದ ನಮ್ಮ ಮನೆಯವರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮಧ್ಯಾಹ್ನವನ್ನು ಪೂರ್ತಿ ಬಿಡಲಿಲ್ಲ. ಬೆಣ್ಣೆ ದೋಸೆ ಡಬ್ಬಿಗೆ ಹಾಕಿದರೆ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಬಿಸಿಬೇಳೆಬಾತ್, ಚಿತ್ರಾನ್ನ ಹಾಗಲ್ಲ. ಹಿಂದಿನ ದಿನವೇ ಆರ್ಡರ್ ತೆಗೆದುಕೊಂಡು, 11:45ಕ್ಕೆ ಲಾಬಿಯಲ್ಲಿ ಡಬ್ಬಿ ಕೊಟ್ಟು ಬರತೊಡಗಿದೆ. ಲಾಬಿ ಗಾರ್ಡ್‌ಗಳು ಪರಿಚಯವಾದರು. ಪಾಳಿ ಮುಗಿಸುವ ಹೊತ್ತಿಗೆ ಟನಲ್ ಮುಚ್ಚಿರುತ್ತದೆ, ಅವರಿಗೂ ಹಸಿವಾಗಿರುತ್ತದೆ. ಸಂಜೆ ಹೊಸಬರು ಊಟ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಅವರು ನನ್ನ ಬಾಗಿಲು ತೋರಿಸುತ್ತಿದ್ದರು. ಆ ಬೋರ್ಡ್ ಇಡೋಕೆ ಬಿಟ್ಟಿದ್ದರೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಜಾಸ್ತಿ ಖರ್ಚಾಗಿದ್ದು ಹಂಚನ್ನು ಮುಂದಕ್ಕೆ ತರಲು. ಮೊದಲು ಅಡುಗೆಮನೆ ಹಿಂದಿತ್ತು, ಕಿಟಕಿ ಗಾಜಿಗೆ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದೆ. ಸ್ಟಿಕ್ಕರ್ ಕಿತ್ತೆ. ಹಂಚು ಕಿಟಕಿ ಪಕ್ಕಕ್ಕೆ ಬಂತು. ಹೊಗೆ ಎಳೆಯುವ ಚಿಮಣಿಗೆ ಹೊಸದಾಗಿ ಪರ್ಮಿಟ್ ಬೇಕಾಯಿತು, ಮೂರು ತಿಂಗಳು ಅಲೆದೆ. ಆದರೆ ಬೆಣ್ಣೆ ಚುರ್ ಅನ್ನೋದು ಫುಟ್‌ಪಾತ್‌ಗೆ ಕಾಣಿಸತೊಡಗಿದ ಮೇಲೆ ನಿಂತು ನೋಡುವವರು ಬಂದರು. ಬಾಗಿಲ ಮೇಲೆ ನೆರಳಿಗೆ ಕ್ಯಾನ್ವಾಸ್ ಚಪ್ಪರ ಹಾಕಿಸಿದೆ, ನಿಂತವರು ಇನ್ನೂ ಸ್ವಲ್ಪ ಹೊತ್ತು ನಿಂತರು.

ಒಂದೇ ಅಂಗಡಿಯಿಂದ ಬೀದಿ ಆಗಲ್ಲ. ಪಕ್ಕದ ಕ್ಷೌರದ ಅಂಗಡಿಯವನೂ ಅದರಾಚೆ ಹೂವಿನ ಅಂಗಡಿಯವಳೂ ಶನಿವಾರ ಮುಚ್ಚುತ್ತಿದ್ದರು. ಇಬ್ಬರನ್ನೂ ಕಾಫಿಗೆ ಕರೆದು, ಒಂದು ತಿಂಗಳು ಶನಿವಾರ ಒಟ್ಟಿಗೆ ತೆಗೆದು ನೋಡೋಣ ಅಂದೆ. ಮೂರು ಬಾಗಿಲು ಸಾಲಾಗಿ ತೆರೆದಿದ್ದರೆ ಜನ ಆ ಕಡೆ ತಿರುಗುತ್ತಾರೆ. ಎರಡನೇ ಶನಿವಾರಕ್ಕೇ ಮೂವರಿಗೂ ವ್ಯತ್ಯಾಸ ಗೊತ್ತಾಯಿತು.

2020ರ ಮಾರ್ಚ್‌ನಲ್ಲಿ ಆಫೀಸ್‌ಗಳು ಖಾಲಿಯಾದವು. ಕೆಳಗಿನವರಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಆ ವಿಯೆಟ್ನಾಮಿ ಹೆಂಗಸಿನ ಅಂಗಡಿ ಮತ್ತೆ ತೆರೆಯಲಿಲ್ಲ, ಈಗಲೂ ನೆನಪಾದರೆ ಸಂಕಟವಾಗುತ್ತದೆ. ನನ್ನನ್ನು ಉಳಿಸಿದ್ದು ಫ್ಲ್ಯಾಟ್‌ನವರ ಪಾರ್ಸೆಲ್.

ಲೀಸ್ ಮುಗಿದಾಗ ಮತ್ತೆ ಸಹಿ ಹಾಕಿದೆ, ಈ ಸಲ ಜುಲೈನಲ್ಲಿ ಎಣಿಸಿದ ಮೇಲೆ. ಹೋದ ತಿಂಗಳು ಹುಬ್ಬಳ್ಳಿ ಕಡೆಯ ಒಬ್ಬ ದಂಪತಿ ನಮ್ಮ ಸಾಲಿನ ಖಾಲಿ ಮಳಿಗೆ ನೋಡೋಕೆ ಬಂದಿದ್ದರು. ಜೋಳದ ರೊಟ್ಟಿ ಊಟ ಮಾಡ್ತೀವಿ ಅಂದರು. ಅವರಿಗೆ ಒಂದು ಹೊಸ ನೋಟ್‌ಬುಕ್ ಕೊಟ್ಟೆ. ಬುಧವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಒಮ್ಮೆ, ಶನಿವಾರ ಸಂಜೆ ಒಮ್ಮೆ ಬಂದು ನಿಲ್ಲಿ, ಆಮೇಲೆ ಮಾಲೀಕರ ಹತ್ತಿರ ಮಾತಾಡಿ ಅಂದೆ. ನಿನ್ನೆ ಆ ಹುಡುಗಿ ಒಬ್ಬಳೇ ಬಂದು ನನ್ನ ಚಪ್ಪರದ ನೆರಳಲ್ಲಿ ನಿಂತು ಗೀಟು ಎಳೆಯುತ್ತಿದ್ದಳು.