ಮಗುವಿನ ಜೀವನಾಂಶದ ಆದೇಶ ಸರಿಯಿಲ್ಲ ಅನ್ನಿಸಿದರೆ: ಹೈಕೋರ್ಟ್‌ಗೆ ಹೋಗುವುದು ಹೇಗೆ?

ಮಗುವಿಗೆ ಕೌಟುಂಬಿಕ ನ್ಯಾಯಾಲಯ ನಿಗದಿ ಮಾಡಿದ ಮೊತ್ತ ಶಾಲೆಯ ಶುಲ್ಕಕ್ಕೂ ಸಾಲದು ಎಂದು ತಾಯಿಗೆ ಅನ್ನಿಸಬಹುದು. ಅದೇ ಮೊತ್ತ ತನ್ನ ಸಂಬಳಕ್ಕೆ ಮೀರಿದ್ದು ಎಂದು ತಂದೆಗೆ ಅನ್ನಿಸಬಹುದು. ಆದೇಶವನ್ನು ಪ್ರಶ್ನಿಸುವ ಹಕ್ಕು ಇಬ್ಬರಿಗೂ ಇದೆ. ಆದರೆ ಆದೇಶ ಯಾವ ಕಾನೂನಿನಡಿ ಬಂದಿದೆ ಎಂಬುದನ್ನು ನೋಡಿಕೊಂಡು ಅರ್ಜಿಯ ಬಗೆ, ಗಡುವು, ಕೆಲವೊಮ್ಮೆ ನ್ಯಾಯಾಲಯವೂ ಬೇರೆಯಾಗುತ್ತದೆ. ಆದ್ದರಿಂದ ಮೊದಲು ಆದೇಶದ ಮೊದಲ ಪುಟವನ್ನು ಸಾವಧಾನವಾಗಿ ಓದಿ.

ಯಾವ ಆದೇಶಕ್ಕೆ ಯಾವ ಅರ್ಜಿ

ಪುಟದ ಮೇಲೆ ಸಿಆರ್‌ಪಿಸಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125 ಎಂದಿದ್ದರೆ, ಅಥವಾ 2024ರ ಜುಲೈ 1ರ ನಂತರದ ಪ್ರಕರಣಗಳಲ್ಲಿ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಎಂದಿದ್ದರೆ, ಮೇಲ್ಮನವಿ ಸಲ್ಲಿಸಲು ಅವಕಾಶವಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 19(4)ರಡಿ ಹೈಕೋರ್ಟ್‌ಗೆ ರಿವಿಷನ್ ಅರ್ಜಿ (ಆದೇಶವನ್ನು ಪರಿಶೀಲಿಸಲು ಕೋರುವ ಅರ್ಜಿ) ಹಾಕಬೇಕು. ಕರ್ನಾಟಕದಲ್ಲಿ ವಕೀಲರು ಇದನ್ನು ‘ಆರ್‌ಪಿಎಫ್‌ಸಿ’ ಎನ್ನುತ್ತಾರೆ. ಆದೇಶದ ದಿನದಿಂದ 90 ದಿನಗಳ ಗಡುವು.

ವಿಚ್ಛೇದನದ ತೀರ್ಪಿನೊಳಗೇ ಮಗುವಿನ ಖರ್ಚು ನಿಗದಿಯಾಗಿದ್ದರೆ, ಅಥವಾ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ತೀರ್ಪು ಬಂದಿದ್ದರೆ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 19(1)ರಡಿ ಮೇಲ್ಮನವಿ. ಇದು ಹೈಕೋರ್ಟ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬರುತ್ತದೆ. ಇದಕ್ಕೆ 30 ದಿನ ಮಾತ್ರ ಎಂದೇ ಲೆಕ್ಕವಿಟ್ಟುಕೊಳ್ಳಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೊಟ್ಟ ಆದೇಶಕ್ಕೂ 30 ದಿನಗಳ ಗಡುವಿದೆ. ಆದರೆ ಅದು ಹೋಗುವುದು ಸೆಷನ್ಸ್ ನ್ಯಾಯಾಲಯಕ್ಕೆ.

ಪ್ರಕರಣ ಮುಗಿಯುವ ಮುನ್ನ ಬಂದ ಮಧ್ಯಂತರ ಜೀವನಾಂಶದ ಆದೇಶಕ್ಕೆ ಸೆಕ್ಷನ್ 19ರ ಮೇಲ್ಮನವಿಯೂ ಇಲ್ಲ, ರಿವಿಷನ್ನೂ ಇಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕುವುದು ವಾಡಿಕೆ.

ಹೈಕೋರ್ಟ್‌ಗೆ ಹೋಗಬೇಕಿಲ್ಲದ ಸಂದರ್ಭಗಳೂ ಇವೆ. ಸೆಕ್ಷನ್ 125 ಅಥವಾ 144ರಡಿ ನಿಮ್ಮ ಗೈರುಹಾಜರಿಯಲ್ಲಿ ಏಕಪಕ್ಷೀಯ ಆದೇಶವಾಗಿದ್ದರೆ, ಸಕಾರಣ ತೋರಿಸಿ ಮೂರು ತಿಂಗಳೊಳಗೆ ಅದೇ ನ್ಯಾಯಾಲಯದಲ್ಲಿ ಆದೇಶ ರದ್ದತಿಗೆ ಕೇಳಬಹುದು. ಆದೇಶದ ನಂತರ ಕೆಲಸ ಹೋಗಿದ್ದರೆ, ಸಂಬಳ ಏರಿದ್ದರೆ ಅಥವಾ ಮಗುವಿಗೆ ದೊಡ್ಡ ಕಾಯಿಲೆ ಬಂದಿದ್ದರೆ, ಮೊತ್ತ ಬದಲಿಸಲು ಬಿಎನ್‌ಎಸ್‌ಎಸ್ ಸೆಕ್ಷನ್ 146ರಡಿ (ಹಿಂದಿನ ಸಿಆರ್‌ಪಿಸಿ ಸೆಕ್ಷನ್ 127) ಅಲ್ಲೇ ಅರ್ಜಿ ಕೊಡಿ. ಹೊಸ ಸಂಗತಿ ಇಟ್ಟುಕೊಂಡು ರಿವಿಷನ್‌ಗೆ ಹೋದವರಿಗೆ ಹೆಚ್ಚಾಗಿ ಸಿಗುವ ಉತ್ತರ ‘ಕೆಳ ನ್ಯಾಯಾಲಯಕ್ಕೆ ಹೋಗಿ’ ಎಂಬುದೇ.

ನಕಲಿಗೆ ಅಂದೇ ಅರ್ಜಿ

ಆದೇಶ ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಗಡುವಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿ ಹಾಕದೆ ಸುಮ್ಮನೆ ಕಳೆದ ದಿನಗಳಿಗೆ, ಸಿದ್ಧವಾದ ನಕಲನ್ನು ತೆಗೆದುಕೊಳ್ಳದೆ ಬಿಟ್ಟ ದಿನಗಳಿಗೆ ಈ ವಿನಾಯಿತಿ ಇಲ್ಲ. ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ ಪ್ರತಿ ಓದಿಕೊಳ್ಳಲು ಸಾಕು, ಸಲ್ಲಿಸಲು ಸಾಲದು. ಆದೇಶದ ಜೊತೆಗೆ ಮೂಲ ಅರ್ಜಿ, ಆಕ್ಷೇಪಣೆ, ಸಾಕ್ಷ್ಯ, ಪಾಟಿ ಸವಾಲು, ನ್ಯಾಯಾಲಯ ಸಾಕ್ಷ್ಯವಾಗಿ ಗುರುತು ಹಾಕಿದ ದಾಖಲೆಗಳು, ಇಬ್ಬರ ಆಸ್ತಿ-ಸಾಲ ವಿವರಗಳ ಪ್ರಮಾಣಪತ್ರ ಇವೆಲ್ಲದರ ನಕಲನ್ನೂ ಕೇಳಿ. ಗಡುವು ಮೀರಿದ್ದರೆ ವಿಳಂಬ ಮನ್ನಾ ಅರ್ಜಿ ಬೇಕು. ಅದರಲ್ಲಿ ‘ಅನಾರೋಗ್ಯ’ ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ ಎಂದು ಹೇಳಿ, ಆಸ್ಪತ್ರೆಯ ಚೀಟಿ ಲಗತ್ತಿಸಿ.

ಆಧಾರಗಳನ್ನು ಬರೆಯುವುದು

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ. ರಿವಿಷನ್ ಎಂದರೆ ಮರುವಿಚಾರಣೆಯಲ್ಲ. ಆದೇಶ ಸರಿಯೇ, ಕಾನೂನುಬದ್ಧವೇ, ಔಚಿತ್ಯವುಳ್ಳದ್ದೇ ಎಂಬುದನ್ನಷ್ಟೇ ಹೈಕೋರ್ಟ್ ನೋಡುತ್ತದೆ. ‘ಮೊತ್ತ ಕಡಿಮೆ’ ಎಂಬುದು ದೂರಾಯಿತೇ ಹೊರತು ಆಧಾರವಾಗಲಿಲ್ಲ. ‘ತಂದೆಯ ಸಂಬಳ ಚೀಟಿ ಗುರುತಾಗಿ ದಾಖಲೆಯಲ್ಲಿದೆ, ಆದೇಶದಲ್ಲಿ ಅದರ ಪ್ರಸ್ತಾಪವೇ ಇಲ್ಲ’ ಎಂಬುದು ಆಧಾರ. ಸಾಲದ ಕಂತು, ಐಚ್ಛಿಕ ಉಳಿತಾಯಗಳನ್ನೆಲ್ಲ ಕಳೆದು ಆದಾಯವನ್ನು ಕುಗ್ಗಿಸಿದ್ದಾರೆಯೇ, ತಾಯಿ ದುಡಿಯುತ್ತಾರೆ ಎಂಬ ಒಂದೇ ಕಾರಣಕ್ಕೆ ಮಗುವಿನ ಪಾಲನ್ನೂ ಕತ್ತರಿಸಿದ್ದಾರೆಯೇ, ಇನ್ನೊಂದು ಪ್ರಕರಣದಲ್ಲಿ ಈಗಾಗಲೇ ಕೊಡುತ್ತಿರುವ ಮೊತ್ತವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದಾರೆಯೇ ಎಂದು ಸಾಲು ಸಾಲಾಗಿ ಪರೀಕ್ಷಿಸಿ.

2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿಯ ದಿನದಿಂದ ಕೊಡಿಸಬೇಕು ಎಂದು ಅದು ಹೇಳಿದೆ. ತಾಯಿಗೆ ಸಾಕಷ್ಟು ಆದಾಯವಿದ್ದಾಗ ಮಕ್ಕಳ ಶಿಕ್ಷಣದ ಖರ್ಚನ್ನು ಅನುಪಾತಕ್ಕೆ ತಕ್ಕಂತೆ ಹಂಚಬಹುದು ಎಂದೂ ಹೇಳಿದೆ. ದಿನಾಂಕದ ವಿಷಯ ಸಣ್ಣದಲ್ಲ. ತಿಂಗಳಿಗೆ 10,000 ರೂಪಾಯಿಯ ಆದೇಶ, ಪ್ರಕರಣ ನಡೆದದ್ದು 2 ವರ್ಷ ಎಂದುಕೊಳ್ಳಿ. ‘ಆದೇಶದ ದಿನದಿಂದ’ ಎಂಬ ಎರಡು ಪದಗಳಿಂದ ಮಗು ಕಳೆದುಕೊಳ್ಳುವುದು 2,40,000 ರೂಪಾಯಿ.

ಸಲ್ಲಿಕೆ ಮತ್ತು ತಡೆಯಾಜ್ಞೆ

ನಿಮ್ಮ ಜಿಲ್ಲೆಯನ್ನು ನೋಡಿಕೊಂಡು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಸಲ್ಲಿಸಬೇಕು. ಅಪ್ರಾಪ್ತ ಮಗುವನ್ನು ಪೋಷಕರ ಮೂಲಕ ಪಕ್ಷಕಾರನಾಗಿ ಹೆಸರಿಸಿ. ತಾಯಿಯ ಹೆಸರಷ್ಟೇ ಹಾಕಿ ಮಗುವನ್ನು ಮರೆತ ಅರ್ಜಿಗೆ ಆಕ್ಷೇಪಣೆ ಬರುತ್ತದೆ. ಕಚೇರಿ ಎತ್ತಿದ ಆಕ್ಷೇಪಣೆಗಳನ್ನು ಕೊಟ್ಟ ಅವಧಿಯಲ್ಲಿ ಸರಿಪಡಿಸದಿದ್ದರೆ, ವಾದ ಆಲಿಸುವ ಮೊದಲೇ ಅರ್ಜಿ ವಜಾ ಆಗಬಹುದು. ಎದುರುದಾರರ ಈಗಿನ ವಿಳಾಸವನ್ನೇ ಕೊಡಿ. ಹಳೆಯ ವಿಳಾಸಕ್ಕೆ ಹೋದ ನೋಟಿಸ್ ಜಾರಿಯಾಗದೆ ಮರಳಿ, ತಿಂಗಳುಗಟ್ಟಲೆ ಸಮಯ ಹಾಳಾಗುತ್ತದೆ.

ವಕೀಲರ ಶುಲ್ಕ ಭರಿಸಲಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವಿನ ಹಕ್ಕಿದೆ. ಸಹಾಯವಾಣಿ 15100.

ಅರ್ಜಿ ಹಾಕಿದ ಮಾತ್ರಕ್ಕೆ ಜೀವನಾಂಶ ಕೊಡುವುದು ನಿಲ್ಲುವುದಿಲ್ಲ. ತಂದೆ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಬಾಕಿಯ ಒಂದು ಭಾಗವನ್ನು ಠೇವಣಿ ಇಡಿ ಎಂಬ ಷರತ್ತಿನ ಮೇಲೆಯೇ ಅದು ಸಾಮಾನ್ಯವಾಗಿ ಸಿಗುತ್ತದೆ. ತಡೆಯಾಜ್ಞೆ ಇಲ್ಲದೆ ಹಣ ನಿಲ್ಲಿಸಿದರೆ ವಾರಂಟ್, ಅದಕ್ಕೂ ಬಗ್ಗದಿದ್ದರೆ ಒಂದು ತಿಂಗಳವರೆಗೆ ಜೈಲು ಆಗಬಹುದು.

ತಾಯಿಯೂ ‘ಹೈಕೋರ್ಟ್‌ನಲ್ಲಿದೆಯಲ್ಲ, ಅಲ್ಲಿಯ ತೀರ್ಪು ಬರಲಿ’ ಎಂದು ಕಾಯಬಾರದು. ವಾರಂಟ್ ಮೂಲಕ ವಸೂಲಿ ಮಾಡಲು, ಕಂತು ಸಲ್ಲಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬಿದ್ದಿರಬೇಕು. ತಡೆಯಾಜ್ಞೆ ಇಲ್ಲದಿದ್ದರೆ, ಬಾಕಿಯ ಹಳೆಯ ಕಂತಿಗೆ ಹನ್ನೆರಡು ತಿಂಗಳು ತುಂಬುವ ಮೊದಲೇ ಕೆಳ ನ್ಯಾಯಾಲಯದಲ್ಲಿ ವಸೂಲಿ ಅರ್ಜಿ ಸಲ್ಲಿಸಿ.