ಕಸದ ಶೆಡ್ಡಿಗೆ ಬೆಂಕಿ ಬೀಳದಂತೆ, ಕೆಲಸ ನಿಲ್ಲದಂತೆ

ಹೋದ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಒಂದು ಪಂಚಾಯಿತಿಯ ಕಸ ಘಟಕಕ್ಕೆ ಹೋಗಿದ್ದೆ. ಶೆಡ್ಡಿನ ಒಂದು ಮೂಲೆಯ ಗೋಡೆ ಕಪ್ಪಾಗಿತ್ತು. "ಹಳೇ ಮೊಬೈಲ್ ಬ್ಯಾಟರಿ ಅಣ್ಣಾ, ಚೀಲ ಎಳೆಯುವಾಗ ಹೊತ್ಕೊಂಡ್ತು" ಎಂದರು ಕಸ ವಿಂಗಡಿಸುವ ಅಕ್ಕ. ಎರಡು ಮಾರು ದೂರದಲ್ಲಿ ಪ್ಲಾಸ್ಟಿಕ್ ಮೂಟೆಗಳ ರಾಶಿ ಇತ್ತು. ಅದಕ್ಕೆ ತಗುಲಿದ್ದರೆ ಶೆಡ್ಡು ಹೋಗುತ್ತಿತ್ತು, ಘಟಕ ನಡೆಸುವ ಸ್ವಸಹಾಯ ಸಂಘಗಳ ಒಕ್ಕೂಟದ ಹೆಂಗಸರ ಸಂಬಳವೂ ಹೋಗುತ್ತಿತ್ತು.

ಅಪಾಯ ಮನೆಗಳಿಂದ ಚೀಲದೊಳಗೇ ಬರುತ್ತದೆ. ಹಾಗಾಗಿ ಬಾಗಿಲಲ್ಲೇ ತಡೆಯಬೇಕು.

ಬಾಗಿಲ ಬಳಿ ಒಂದು ಮೇಜು

ಆಟೊ ಬಂದ ಕೂಡಲೇ ಚೀಲವನ್ನು ರಾಶಿಗೆ ಸುರಿಯಬೇಡಿ. ಮೊದಲು ಮೇಜಿನ ಮೇಲೆ ಬಿಚ್ಚಿ. ಮೊಬೈಲ್, ಪವರ್ ಬ್ಯಾಂಕ್, ಟ್ರಿಮ್ಮರ್, ಮಕ್ಕಳ ಆಟಿಕೆ, ಇಯರ್‌ಬಡ್, ಇವುಗಳಲ್ಲೆಲ್ಲ ಲಿಥಿಯಂ ಬ್ಯಾಟರಿ ಇರಬಹುದು. ಅದು ಜಜ್ಜಿದರೆ ಅಥವಾ ತೂತಾದರೆ ತನ್ನಷ್ಟಕ್ಕೆ ಕಾದು ಉರಿಯಬಹುದು. ಪ್ಲಾಸ್ಟಿಕ್ಕನ್ನು ಒತ್ತಿ ಮೂಟೆ ಕಟ್ಟುವ ಬೇಲಿಂಗ್ ಯಂತ್ರಕ್ಕೆ ಒಂದು ಸಿಕ್ಕಿದರೂ ಸಾಕು, ಬೆಂಕಿ ಹೊತ್ತಬಹುದು.

ಸಿಕ್ಕ ಬ್ಯಾಟರಿಯ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಡಬ್ಬಿಯಲ್ಲಿ ಹೂತಿಡಿ. ಡಬ್ಬಿ ಶೆಡ್ಡಿನ ಹೊರಗೆ, ನೆರಳಲ್ಲಿರಲಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು. ಸುಮ್ನೆ ಗುಜರಿಗೆ ಹಾಕದೆ, ಪರವಾನಗಿ ಇರುವವರಿಗೇ ಕೊಡಿ.

ಹೊಗೆ ಬಂದೇಬಿಟ್ಟರೆ? ಉದ್ದ ಹಿಡಿಯ ಸಲಿಕೆಯಿಂದ ಬಯಲಿಗೆ ತಳ್ಳಿ, ದೂರದಿಂದ ಧಾರಾಳ ನೀರು ಸುರಿಯಿರಿ. ಹೊಗೆಗೆ ಮುಖ ಕೊಡಬೇಡಿ, ಅದು ವಿಷ. ಆರಿದಂತೆ ಕಂಡದ್ದು ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೇ ಆ ದಿನ ಅದನ್ನು ಒಳಗೆ ತರಬೇಡಿ.

ರಾಶಿ, ವೈರು, ನೀರು

ಮೂಟೆಗಳನ್ನು ವೈರಿನ ಕೆಳಗೆ ಪೇರಿಸಬೇಡಿ. ರಾಶಿ ರಾಶಿಗಳ ನಡುವೆ ಒಬ್ಬರು ಓಡಾಡುವಷ್ಟು ದಾರಿ ಬಿಡಿ. ಮೇನ್ ಸ್ವಿಚ್ ಮುಂದೆ ಏನೂ ಇರಬಾರದು. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿವೆ, ಅಲ್ವಾ? ಸಂಪನ್ನು ನಂಬಿ ಕೂರದೆ 200 ಲೀಟರಿನ ಎರಡು ಡ್ರಮ್ ಸದಾ ತುಂಬಿಡಿ, ಪಕ್ಕದಲ್ಲಿ ಬಕೆಟ್ ಇಡಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿದೆಯಾ ಅಂತ ಪ್ರತಿ ತಿಂಗಳು ನೋಡಿ. ಒಮ್ಮೆ ಒತ್ತಿದರೆ ಅರ್ಧ ನಿಮಿಷವೂ ಬರುವುದಿಲ್ಲ. ಪಿನ್ ಎಳೆದು ಉರಿಯ ಬುಡಕ್ಕೇ ಹಿಡಿಯುವುದನ್ನು ಎಲ್ಲರೂ ಕಲಿತಿರಲಿ. 101 ಮತ್ತು 112 ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಕಸ ನಿಲ್ಲದಿರಲಿ

ರೇಟು ಏರಲಿ ಅಂತ ಪ್ಲಾಸ್ಟಿಕ್ ಕೂಡಿಡುವುದು ಎಲ್ಲ ಕಡೆ ಇದೆ. ನನ್ನ ಪ್ರಕಾರ ಅದು ತಪ್ಪು. ಜಾಸ್ತಿ ಸರಕು ಅಂದರೆ ಜಾಸ್ತಿ ಸೌದೆ. ಇಬ್ಬರು ಗುಜರಿಯವರನ್ನು ಗೊತ್ತು ಮಾಡಿಕೊಂಡು ತಿಂಗಳಿಗೊಮ್ಮೆ ಖಾಲಿ ಮಾಡಿ. ಆಟೊ ಓಡಿಸುವುದು ಇಬ್ಬರಿಗೆ ಬರಲಿ. ಆಟೊ ಕೆಟ್ಟ ದಿನ ಯಾರ ಟ್ರ್ಯಾಕ್ಟರ್, ಎಷ್ಟು ಬಾಡಿಗೆ ಎಂಬುದನ್ನು ಮೊದಲೇ ಪಿಡಿಒ ಜೊತೆ ಮಾತಾಡಿ ಬರೆದಿಡಿ.

ಮಾವಿನ ಕಾಲದಲ್ಲಿ ಹಸಿ ಕಸ ಏಕಾಏಕಿ ಏರುತ್ತದೆ. ಒಣ ತರಗೆಲೆಯನ್ನು ಬೇಸಿಗೆಯಲ್ಲೇ ಕೂಡಿಟ್ಟುಕೊಂಡು ಬೆರೆಸುತ್ತಾ ಬನ್ನಿ. ಗೊಬ್ಬರದ ರಾಶಿ 55ರಿಂದ 65 ಡಿಗ್ರಿ ಕಾಯುವುದು ಸಹಜ, 70 ದಾಟಿದರೆ ಮಗುಚಲೇಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮುಟ್ಟಿ ಹಿಡಿಯಲು ಆಗದಿದ್ದರೆ ಆಗಲೇ ಮಗುಚಿ.

ಮಳೆಗೆ ಮುಂಚೆ ಚರಂಡಿ ತೆಗೆಸಿ. ರಾಶಿಯಿಂದ ಇಳಿಯುವ ಕೊಳೆನೀರು ಕೆರೆಗೆ ಹೋಗಬಾರದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು ತುಂಬಿಸಿ ಉಳಿಸಿಕೊಂಡ ಕೆರೆಗಳು ನಮ್ಮ ಜಿಲ್ಲೆಯಲ್ಲಿವೆ.

ಸೂಜಿ ಚುಚ್ಚಿದರೆ

ದಪ್ಪ ಗ್ಲೌಸ್, ಗಮ್ ಬೂಟು ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ. ಆದರೂ ಸಿರಿಂಜ್ ಸೂಜಿ ಚುಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಿಂದ ಚೀಪಬೇಡಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು. ಆ ದಿನದ ಕೂಲಿ ಕಡಿಯಬೇಡಿ. ಕಡಿಯುವುದಾದರೆ ಮುಂದಿನ ಸಲ ಚುಚ್ಚಿದ್ದನ್ನು ಅವರು ಹೇಳುವುದೇ ಇಲ್ಲ.